ಸೇಡು ಯಾರ ಮನೆ ಬಾಗಿಲಿಗೆ ಹೋಗುತ್ತದೆ?

(ಕಲಬುರಗಿಯಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಊರಿನ ಓದುಗರ ಮುಂದೆ ಹಿರಿಯ ವಕೀಲರೊಬ್ಬರು ಆಡಿದ ಮಾತುಗಳ ಬರಹ ರೂಪ)

ಸೇಡು ತೀರಿಸಿಕೊಳ್ಳುವುದು ಸರಿಯಾ ಅಂತ ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ಮೊದಲು ಬರುವ ಉತ್ತರ "ತಪ್ಪು, ಕ್ಷಮಿಸಿಬಿಡಬೇಕು" ಅನ್ನೋದು. ನಾನು ಅಲ್ಲಿಂದ ಶುರು ಮಾಡುವುದಿಲ್ಲ. ಬಹಳ ವರ್ಷಗಳಿಂದ ಈ ಭಾಗದ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುತ್ತಾ ಬಂದಿದ್ದೇನೆ. ನನ್ನ ಮುಂದೆ ಕೂತು ಸೇಡಿನ ಮಾತಾಡಿದವರಲ್ಲಿ ಹೆಚ್ಚಿನವರು ಕೆಟ್ಟವರಾಗಿರಲಿಲ್ಲ. ಅವರಿಗೆ ಅನ್ಯಾಯ ಆಗಿತ್ತು. ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅಂಥವರಿಗೆ "ಹೋಗ್ಲಿ ಬಿಡ್ರಿ, ಮರೆತುಬಿಡ್ರಿ" ಅನ್ನುವುದು ಬಹಳ ಸುಲಭ. ಆದರೆ ಆ ಮಾತಿನಿಂದ ಲಾಭ ಆಗುವುದು ತಪ್ಪು ಮಾಡಿದವನಿಗೆ ಮಾತ್ರ. ಹೀಗಾಗಿ ಸೇಡಿನ ಆಸೆಯನ್ನು ನಾನು ಬಯ್ಯುವುದಿಲ್ಲ. ಆ ಆಸೆಯನ್ನು ಹಿಡಿದುಕೊಂಡು ಮನುಷ್ಯ ಏನು ಮಾಡುತ್ತಾನೆ, ಅದು ಕೊನೆಗೆ ಯಾರ ಮೇಲೆ ಹೋಗಿ ಬೀಳುತ್ತದೆ ಅನ್ನುವುದು ನನ್ನ ಇವತ್ತಿನ ವಿಷಯ.

ನಮ್ಮ ಕಡೆ ಹಗೆ ತೀರಿಸಿಕೊಳ್ಳುವ ಒಂದು ಹಳೆಯ ದಾರಿ ನಿಮಗೆಲ್ಲ ಗೊತ್ತೇ ಇದೆ. ಬಣವಿಗೆ ಬೆಂಕಿ ಹಚ್ಚುವುದು. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದು ಹೊಲದಲ್ಲೇ ಒಟ್ಟಿರುತ್ತಾರೆ. ರಾಶಿ ಮಷಿನ್ ಬರುವ ತನಕ ಅದು ಬಿಸಿಲಿಗೆ ಒಣಗುತ್ತಾ ಬಿದ್ದಿರುತ್ತದೆ. ಒಂದು ಕಡ್ಡಿ ಗೀರಿದರೆ ಸಾಕು, ಆರು ತಿಂಗಳ ದುಡಿಮೆ ನೋಡನೋಡುತ್ತಾ ಬೂದಿ. ಯಾರು ಹಚ್ಚಿದರು ಅಂತ ಊರಿಗೆಲ್ಲ ಗೊತ್ತಿರುತ್ತದೆ. ಸಾಕ್ಷಿ ಹೇಳೋಕೆ ಮಾತ್ರ ಯಾರೂ ಬರುವುದಿಲ್ಲ.

ಭೀಮಾ ನದಿ ದಂಡೆಯ ಒಂದು ಊರಿನ ರೈತ ಹೀಗೇ ಬಣವಿ ಕಳೆದುಕೊಂಡು ನನ್ನ ಹತ್ತಿರ ಬಂದಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಸುಟ್ಟ ತೊಗರಿ. ಟೇಬಲ್ ಮೇಲೆ ಸುರಿದ. ಕಾಳಿನ ಮೇಲ್ಗಡೆ ಪೂರಾ ಕಪ್ಪು. ಒಂದನ್ನು ಉಗುರಿನಿಂದ ಒಡೆದು ತೋರಿಸಿದ, ಒಳಗೆ ಬೇಳೆ ಇನ್ನೂ ಹಳದಿಯಾಗಿಯೇ ಇತ್ತು. ಪರಿಹಾರದ ಮಾತು ತೆಗೆದೆ. ಅವನು ಹೇಳಿದ್ದು ಇಷ್ಟು: "ವಕೀಲ್ರ, ರೊಕ್ಕದ ಮಾತು ಆಮ್ಯಾಲ ಇರ್ಲಿ. ಅಂವ ಊರಾಗ ನನ್ನ ನೋಡಿ ನಕ್ಕೋತ ತಿರಗ್ಯಾಡ್ತಾನ್ರಿ. ಅದು ನಿಲ್ಲಬೇಕು." ಆ ನಗು ನಿಲ್ಲಿಸೋಕೆ ಅವನಿಗೆ ಕಂಡ ದಾರಿ ಒಂದೇ. ಎದುರಾಳಿಯ ಬಣವಿಗೂ ಬೆಂಕಿ.

ನಾನು ಉಪದೇಶ ಮಾಡಲಿಲ್ಲ. ಆ ಹೊಲ ಯಾರು ಮಾಡುತ್ತಾರೆ ಅಂತ ಕೇಳಿದೆ. ಹೊಲದ ಮಾಲೀಕ ತಾನು ಮಾಡುತ್ತಿರಲಿಲ್ಲ, ಪಾಲಿಗೆ ಹಾಕಿದ್ದ. ಪಾಲಿಗೆ ಮಾಡುತ್ತಿದ್ದವಳು ಗಂಡ ಸತ್ತ ಒಬ್ಬ ಹೆಣ್ಣುಮಗಳು. ಬಣವಿಯಲ್ಲಿ ಅರ್ಧ ಅವಳದು. ಬೆಂಕಿ ಹಚ್ಚಿದರೆ ಮಾಲೀಕನಿಗೆ ಒಂದು ವರ್ಷದ ಸ್ವಲ್ಪ ಹಣ ಹೋಗುತ್ತಿತ್ತು. ಅವಳಿಗೆ ಇಡೀ ವರ್ಷದ ಊಟವೇ ಹೋಗುತ್ತಿತ್ತು. ಆ ಮನುಷ್ಯ ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ ಕಾಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದ. ಬೆಂಕಿ ಹಚ್ಚಲಿಲ್ಲ. ಅವನಿಗೆ ನ್ಯಾಯ ಸಿಕ್ಕಿತು ಅಂತ ನಾನು ಹೇಳುವುದಿಲ್ಲ, ಸಾಕ್ಷಿ ಇಲ್ಲದೆ ಕೇಸು ಬಿದ್ದುಹೋಯಿತು. ಆದರೆ ಆ ಹೆಣ್ಣುಮಗಳ ತೊಗರಿ ಉಳಿಯಿತು.

ಈಗ ಸೇಡಿನ ಪರವಾಗಿಯೂ ಒಂದು ಮಾತು ಹೇಳಬೇಕು. ಪೊಲೀಸು, ಕೋರ್ಟು ಇಲ್ಲದ ಕಾಲದಲ್ಲಿ ಸೇಡಿಗೆ ಒಂದು ಕೆಲಸ ಇತ್ತು. "ಇವನ ತಂಟೆಗೆ ಹೋದರೆ ಸುಮ್ಮನೆ ಬಿಡೋದಿಲ್ಲ" ಅನ್ನುವ ಭಯವೇ ಎಷ್ಟೋ ಜನರನ್ನು ಕಾಪಾಡುತ್ತಿತ್ತು. ಬ್ಯಾಬಿಲೋನಿನ ಹಮ್ಮುರಾಬಿಯ ಕಾನೂನಿನಲ್ಲಿ ಬರುವ ಕಣ್ಣಿಗೆ ಕಣ್ಣು ಅನ್ನುವ ನಿಯಮವನ್ನು ನಾವು ಕ್ರೂರ ಅಂತೀವಿ. ಅದು ಒಂದು ಮಿತಿಯನ್ನೂ ಹಾಕುತ್ತಿತ್ತು. ಕಣ್ಣು ಹೋದರೆ ಕಣ್ಣು ಮಾತ್ರ, ಜೀವ ತೆಗೆಯೋ ಹಾಗಿಲ್ಲ, ಮನೆಮಂದಿಯನ್ನೆಲ್ಲ ಮುಗಿಸೋ ಹಾಗಿಲ್ಲ. ಸುಮಾರು 3,700 ವರ್ಷಗಳ ಹಿಂದೆಯೇ ಮನುಷ್ಯನಿಗೆ ಒಂದು ವಿಷಯ ಗೊತ್ತಾಗಿತ್ತು. ತಡೆ ಹಾಕದಿದ್ದರೆ ಸೇಡು ತಾನಾಗಿ ನಿಲ್ಲುವುದಿಲ್ಲ.

ಸೇಡು ಆರೋಗ್ಯಕ್ಕೆ ಒಳ್ಳೆಯದಾ, ಮನಸ್ಸು ಹಗುರ ಆಗುತ್ತದಾ ಅಂತ ಇಲ್ಲಿನ ವಿದ್ಯಾರ್ಥಿಗಳು ಮೊದಲೇ ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಅದನ್ನು ಪರೀಕ್ಷೆ ಮಾಡಿ ನೋಡಿದವರು ಇದ್ದಾರೆ. 2004ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಒಂದು ದುಡ್ಡಿನ ಆಟ ಆಡಿಸಿದರು. ಒಬ್ಬ ನಂಬಿ ದುಡ್ಡು ಕೊಡುತ್ತಾನೆ, ಇನ್ನೊಬ್ಬ ಕೈಕೊಡುತ್ತಾನೆ. ಮೋಸ ಹೋದವನಿಗೆ ದಂಡ ಹಾಕುವ ಅವಕಾಶ ಕೊಟ್ಟು, ಅವನು ನಿರ್ಧಾರ ಮಾಡುವ ಹೊತ್ತಿಗೆ ಮೆದುಳಿನ ಸ್ಕ್ಯಾನ್ ತೆಗೆದರು. ಬಹುಮಾನ ಸಿಗುತ್ತದೆ ಅಂದಾಗ ಚುರುಕಾಗುವ ಭಾಗವೇ ಆಗಲೂ ಚುರುಕಾಗಿತ್ತು. ತಮ್ಮ ಜೇಬಿನಿಂದ ದುಡ್ಡು ಹೋದರೂ ಪರವಾಗಿಲ್ಲ ಅಂತ ದಂಡ ಹಾಕಿದವರೂ ಇದ್ದರು. ಅಂದರೆ ಸೇಡಿನ ಯೋಚನೆ ಸಿಹಿ. ಅದರಲ್ಲಿ ಸುಳ್ಳಿಲ್ಲ.

ಆದರೆ ಆಮೇಲೆ? 2008ರಲ್ಲಿ ಕೆವಿನ್ ಕಾರ್ಲ್‌ಸ್ಮಿತ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ನೋಡಿತು. ಗುಂಪಿನ ಆಟದಲ್ಲಿ ಒಬ್ಬ ಎಲ್ಲರಿಗೂ ಮೋಸ ಮಾಡಿ ಜಾಸ್ತಿ ದುಡ್ಡು ಹೊಡೆಯುತ್ತಾನೆ. ಕೆಲವರಿಗೆ ಅವನನ್ನು ಶಿಕ್ಷಿಸುವ ಅವಕಾಶ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಶಿಕ್ಷೆ ಕೊಟ್ಟರೆ ಸಮಾಧಾನ ಆಗುತ್ತದೆ ಅಂತ ಎಲ್ಲರ ಲೆಕ್ಕ. ಆದದ್ದು ಉಲ್ಟಾ. ಶಿಕ್ಷೆ ಕೊಟ್ಟವರ ಮನಸ್ಸೇ ಜಾಸ್ತಿ ಕೆಟ್ಟಿತ್ತು. ಅವಕಾಶ ಸಿಗದವರು ಅವನನ್ನು ಮರೆತು ಮುಂದೆ ಹೋಗಿದ್ದರು. ಕೊಟ್ಟವರು ಮಾತ್ರ ಅವನನ್ನೇ ನೆನೆಯುತ್ತಾ ಕೂತಿದ್ದರು. ಹುಣ್ಣನ್ನು ಕೆರೆದರೆ ಆ ಕ್ಷಣಕ್ಕೆ ಹಿತ, ಆಮೇಲೆ ಗಾಯ ದೊಡ್ಡದಾಗುತ್ತದಲ್ಲ, ಹಾಗೆ.

ಇನ್ನೊಂದು ಕೆಲಸ ಜರ್ಮನಿಯ ಮಾರಿಯೊ ಗೋಲ್‌ವಿಟ್ಸರ್ ಅವರದು. ನನ್ನ ಕಕ್ಷಿದಾರರ ಬಗ್ಗೆ ನನಗೆ ಜಾಸ್ತಿ ಕಲಿಸಿದ್ದು ಇದು. ಎದುರಿನವನಿಗೆ ನೋವಾಯಿತು ಅನ್ನುವುದರಿಂದ ಮಾತ್ರ ಜನರಿಗೆ ಸಮಾಧಾನ ಆಗುವುದಿಲ್ಲ ಅಂತ ಅವರು ಕಂಡುಕೊಂಡರು. "ನಾನು ನಿನಗೆ ಮಾಡಿದ್ದಕ್ಕೇ ಇದು ಬಂತು, ನಾನು ಮಾಡಿದ್ದು ತಪ್ಪು" ಅಂತ ಅವನಿಗೆ ಅರ್ಥವಾದಾಗ ಮಾತ್ರ ಸಮಾಧಾನ. ಆ ರೈತ ಹೇಳಿದ ನಗುವಿನ ಮಾತು ನೆನಪು ಮಾಡಿಕೊಳ್ಳಿ. ಅವನು ಕೇಳುತ್ತಿದ್ದದ್ದು ತನಗೆ ಅನ್ಯಾಯ ಆಗಿದೆ ಅಂತ ಒಪ್ಪಿಕೊಳ್ಳುವ ಒಂದು ಬಾಯಿ. ಸೇಡಿನಿಂದ ಅದು ಸಿಗುವುದು ಬಹಳ ಅಪರೂಪ. ನೀವು ಅವನ ಬಣವಿ ಸುಟ್ಟರೆ ಅವನಿಗೆ ತನ್ನ ತಪ್ಪು ಕಾಣುವುದಿಲ್ಲ, ನಿಮ್ಮ ತಪ್ಪು ಕಾಣುತ್ತದೆ. ಅವನ ಲೆಕ್ಕದ ಪುಸ್ತಕದಲ್ಲಿ ಈಗ ನೀವು ಸಾಲಗಾರರು.

ಈ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ ನಮಗೆ ಹೊರಗಿನ ಉದಾಹರಣೆ ಬೇಕಿಲ್ಲ. ಬೀದರಿಗೆ ಹೋಗಿ, ಮಹಮೂದ್ ಗವಾನನ ಮದರಸಾ ನೋಡಿ. 1472ರಲ್ಲಿ ಕಟ್ಟಿಸಿದ್ದು. ಇರಾನಿನಿಂದ ಬಂದ ಈ ಮಂತ್ರಿ ಬಹಮನಿ ರಾಜ್ಯವನ್ನು ಎತ್ತಿ ನಿಲ್ಲಿಸಿದ. ನಾಲ್ಕು ಪ್ರಾಂತ್ಯಗಳನ್ನು ಎಂಟು ಮಾಡಿ, ಸರದಾರರ ಕೈಯಲ್ಲಿದ್ದ ಕೋಟೆಗಳನ್ನು ಕಡಿಮೆ ಮಾಡಿದ. ಅಧಿಕಾರ ಕಳೆದುಕೊಂಡವರಿಗೆ ಅವನ ಮೇಲೆ ಹಗೆ. ಅವನ ಮುದ್ರೆ ಕಾಯುವವನನ್ನು ತಮ್ಮ ಕಡೆ ಮಾಡಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಅಂತ ಕರೆಯುವ ಪತ್ರ ಬರೆದರು. ಸುಲ್ತಾನ ವಿಚಾರಣೆಯನ್ನೇ ಮಾಡದೆ 1481ರಲ್ಲಿ ಗವಾನನ ತಲೆ ತೆಗೆಸಿದ. ನಿಜ ಗೊತ್ತಾದ ಮೇಲೆ ಕೊರಗಿದ ಅಂತಾರೆ, ಮರುವರ್ಷವೇ ತೀರಿಕೊಂಡ. ಸೇಡು ತೀರಿತು. ರಾಜ್ಯವೂ ಉಳಿಯಲಿಲ್ಲ. ಕೆಲವೇ ದಶಕಗಳಲ್ಲಿ ಒಡೆದು ಐದು ತುಂಡಾಯಿತು. ಗವಾನನ ಸಾವು ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಇಲ್ಲಿಯವರು, ಹೊರನಾಡಿನಿಂದ ಬಂದವರು ಅನ್ನುವ ಸರದಾರರ ಎರಡು ಬಣಗಳನ್ನು ಹಿಡಿದಿಟ್ಟಿದ್ದ ಕೈ ಅದೊಂದೇ ಆಗಿತ್ತು.

ಬೀದರ್ ಜಿಲ್ಲೆಯ ಬಸವಕಲ್ಯಾಣದ ಕಥೆ ಇನ್ನೂ ಕಷ್ಟದ್ದು. ಯಾಕೆ ಅಂದರೆ ಅಲ್ಲಿ ಸೇಡು ತೀರಿಸಿಕೊಂಡವರ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು. ಬಿಜ್ಜಳ ಆ ಇಬ್ಬರು ತಂದೆಯರನ್ನು ಎಳೆಹೂಟೆ ಶಿಕ್ಷೆಗೆ ಹಾಕಿಸಿದ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದ. ಅದಕ್ಕೆ ಪ್ರತಿಯಾಗಿ ಜಗದೇವ, ಮೊಲ್ಲೆಬೊಮ್ಮಯ್ಯ ಸೇರಿ ಬಿಜ್ಜಳನನ್ನು ಕೊಂದರು ಅಂತ ಶರಣ ಪರಂಪರೆ ಹೇಳುತ್ತದೆ. ಆ ಎಳೆಹೂಟೆ ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಬಿಜ್ಜಳನ ಸಾವಿಗೆ ನನಗೆ ಕಣ್ಣೀರು ಬರುವುದಿಲ್ಲ. ಆದರೆ ಕೊಲೆ ಆದ ಮೇಲೆ ಸೈನ್ಯ ಬೆನ್ನಟ್ಟಿದ್ದು ಯಾರನ್ನು? ವಚನದ ಕಟ್ಟು ಹೊತ್ತುಕೊಂಡು ಉಳವಿಯ ಕಡೆಗೆ ಓಡಿದ ಶರಣರನ್ನು. ಅವರಲ್ಲಿ ಮುದುಕರಿದ್ದರು, ಹೆಂಗಸರಿದ್ದರು. ಅನುಭವ ಮಂಟಪದ ಮಾತುಕತೆ ಅಲ್ಲಿಗೆ ನಿಂತಿತು. ಬಸವಣ್ಣ ಆ ಹೊತ್ತಿಗೆ ಕೂಡಲಸಂಗಮಕ್ಕೆ ಹೊರಟುಹೋಗಿದ್ದರು. ಮನೆಯೊಳಗಿನ ಕಿಚ್ಚು ಮನೆಯನ್ನು ಸುಡದೆ ಪಕ್ಕದ ಮನೆಯನ್ನು ಸುಡುತ್ತದೆಯೇ ಅಂತ ಸಿಟ್ಟಿನ ಬಗ್ಗೆ ಕೇಳಿದವರು ಅವರೇ.

ಈಗ ಹೇಳುವುದು ನಮ್ಮಲ್ಲಿ ಬಹಳ ಜನ ಬಾಯಿ ಬಿಡದ ವಿಷಯ. ಈ ಸಭೆಯಲ್ಲಿ ಕೂತಿರುವ ಹಿರಿಯರು ತಮ್ಮ ಮನೆಗಳಲ್ಲಿ ಕೇಳಿರುತ್ತಾರೆ. 1948. ನಮ್ಮ ಭಾಗವೂ ಸೇರಿದ್ದ ಹೈದರಾಬಾದ್ ನಿಜಾಮನ ರಾಜ್ಯದ ಕೊನೆಯ ವರ್ಷ. ನಿಜಾಮನ ಪರ ಆಯುಧ ಹಿಡಿದಿದ್ದ ರಜಾಕಾರರು ಹಳ್ಳಿಗಳಿಗೆ ನುಗ್ಗಿ ಕೊಂದರು, ಮನೆ ಸುಟ್ಟರು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡಕ್ಕೆ ಇವತ್ತು ಸ್ಮಾರಕ ಇದೆ. ಸೆಪ್ಟೆಂಬರ್ 17ಕ್ಕೆ ಭಾರತದ ಸೈನ್ಯ ನಡೆಸಿದ ಪೊಲೀಸ್ ಕಾರ್ಯಾಚರಣೆ ಮುಗಿಯಿತು, ನಮಗೆ ಬಿಡುಗಡೆ ಸಿಕ್ಕಿತು. ಪ್ರತಿ ವರ್ಷ ಬಾವುಟ ಹಾರಿಸುತ್ತೇವೆ, ಹಾರಿಸಲೇಬೇಕು. ಅದರ ಹಿಂದೆಯೇ ಇನ್ನೊಂದು ನಡೆಯಿತು. ರಜಾಕಾರರ ಮೇಲಿನ ಸಿಟ್ಟು ಕಂಡ ಕಂಡ ಮುಸ್ಲಿಮರ ಮೇಲೆ ತಿರುಗಿತು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಗೆ ಊರೂರು ತಿರುಗಿ ವರದಿ ಬರೆಯಿತು. ಇಡೀ ರಾಜ್ಯದಲ್ಲಿ 27,000ದಿಂದ 40,000 ಜನ ಸತ್ತಿರಬಹುದು ಅನ್ನುವುದು ಸಮಿತಿಯ ಅಂದಾಜು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ್, ಬೀದರ್ ಮತ್ತು ನಮ್ಮ ಕಲಬುರಗಿ. ಆ ವರದಿ ಎಷ್ಟೋ ದಶಕ ಜನರ ಕೈಗೆ ಸಿಗಲಿಲ್ಲ.

ಸತ್ತವರು ಯಾರು? ನೇಕಾರರು, ಕೂಲಿಗಳು, ಅಂಗಡಿ ಇಟ್ಟುಕೊಂಡಿದ್ದವರು. ರಜಾಕಾರರ ನಾಯಕ ಕಾಸಿಂ ರಜ್ವಿ ಏನಾದ? ಅವನನ್ನು ಹಿಡಿದು ವಿಚಾರಣೆ ಮಾಡಿ ಜೈಲಿಗೆ ಹಾಕಿದರು. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಇದನ್ನು ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ಬೆಂಕಿ ಹಚ್ಚಿದವರ ದೊರೆಗೆ ಕೋರ್ಟು ಸಿಕ್ಕಿತು, ವಕೀಲರು ಸಿಕ್ಕರು, ಜೀವ ಉಳಿಯಿತು. ಅವನ ಹೆಸರನ್ನಷ್ಟೇ ಕೇಳಿದ್ದ ಬಡ ನೇಕಾರನಿಗೆ ಬಾವಿಯ ದಂಡೆಯಲ್ಲಿ ಸಾವು. ಸೇಡು ಹೊರಟದ್ದು ರಜ್ವಿಯನ್ನು ಹುಡುಕಿಕೊಂಡು, ಹೋಗಿ ನಿಂತದ್ದು ಪಕ್ಕದ ಮನೆಯ ಬಾಗಿಲಿಗೆ. ದೊಡ್ಡವನು ಕೈಗೆ ಸಿಗುವುದಿಲ್ಲ, ಅವನಿಗೆ ಕೋಟೆ ಇರುತ್ತದೆ, ಕಾವಲು ಇರುತ್ತದೆ. ಕೈಗೆ ಸಿಗುವವನು ಬಡವ. ಗೋರ್ಟಾದಲ್ಲಿ ಸತ್ತವರಿಗೂ ಇದೇ ಆಗಿತ್ತು, ಸೆಪ್ಟೆಂಬರ್ ನಂತರ ಸತ್ತವರಿಗೂ ಇದೇ ಆಯಿತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ನಮಗೆ ಬರಬೇಕು.

ಅದೇ ವರದಿಯಲ್ಲಿ ಇನ್ನೊಂದು ಸಾಲೂ ಇದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರನ್ನು ತಮ್ಮವರ ಗುಂಪಿನಿಂದಲೇ ಕಾಪಾಡಿದರು, ಅದಕ್ಕಾಗಿ ಜೀವವನ್ನೂ ಕೊಟ್ಟರು. ರಜಾಕಾರರ ಕಾಟ ಆ ನೇಕಾರರಿಗೂ ಗೊತ್ತಿಲ್ಲದ್ದೇನಲ್ಲ. ಆದರೆ ಎದುರಿಗೆ ನಿಂತ ಮನುಷ್ಯ ಯಾರು, ಅವನು ಏನು ಮಾಡಿದ್ದಾನೆ, ಏನು ಮಾಡಿಲ್ಲ ಅನ್ನುವುದು ಅವರಿಗೆ ಸರಿಯಾಗಿ ಗೊತ್ತಿತ್ತು. ದಿನಾ ಪಕ್ಕದಲ್ಲಿ ಕೂತು ಮಗ್ಗ ನೇಯ್ದವರು ಅವರು.

ಮಹಾಭಾರತದ ಕಥೆಯೇ ಸೇಡಿನ ಕಥೆ ಅಲ್ವಾ ಅಂತ ಮುಂದಿನ ಸಾಲಿನ ಗುರುಗಳು ಕೇಳಿದರು. ಹೌದು, ದ್ರೌಪದಿಯ ಮುಡಿ, ಭೀಮನ ಗದೆ, ಅಶ್ವತ್ಥಾಮನ ಆ ರಾತ್ರಿ, ಎಲ್ಲ ಇದೆ. ಆದರೆ ಆ ಕಥೆಯನ್ನು ಯಾರಿಗೆ, ಎಲ್ಲಿ ಹೇಳಿದ್ದು ಅಂತ ನೋಡಿ. ಜನಮೇಜಯನಿಗೆ, ಅವನ ಸರ್ಪಯಾಗದಲ್ಲಿ. ಅವನ ಅಪ್ಪ ಪರೀಕ್ಷಿತನನ್ನು ಕಚ್ಚಿದ್ದು ತಕ್ಷಕ ಅನ್ನುವ ಒಂದೇ ಹಾವು. ಮಗ ಬೆಂಕಿಗೆ ಹಾಕಿಸಿದ್ದು ಲೋಕದ ಹಾವುಗಳನ್ನೆಲ್ಲ. ಸಾವಿರಾರು ಹಾವು ಬಿದ್ದು ಸುಟ್ಟವು, ತಕ್ಷಕ ಇಂದ್ರನ ಆಸರೆಯಲ್ಲಿ ಕೂತಿದ್ದ. ಕೊನೆಗೆ ಆಸ್ತೀಕ ಅನ್ನುವ ಹುಡುಗ ಬಂದು ಯಾಗ ನಿಲ್ಲಿಸಿದ. ಅವನ ತಾಯಿ ನಾಗಕುಲದವಳು, ತಂದೆ ಋಷಿ. ಎರಡೂ ಕಡೆಯ ರಕ್ತ ಇದ್ದವನು. ಅಷ್ಟು ದೊಡ್ಡ ಯುದ್ಧದ ಕಥೆಯನ್ನು ನಮ್ಮ ಹಿರಿಯರು ಅರ್ಧಕ್ಕೆ ನಿಂತ ಒಂದು ಸೇಡಿನ ಒಳಗೆ ಇಟ್ಟು ಹೇಳಿದ್ದಾರೆ. ಸುಮ್ನೆ ಹಾಗೆ ಮಾಡಿರಲಿಕ್ಕಿಲ್ಲ.

ಕಾನೂನು ಎಲ್ಲಿ ಗೆರೆ ಎಳೆಯುತ್ತದೆ ಅಂತ ವಿದ್ಯಾರ್ಥಿಗಳಿಗಾಗಿ ಬೇಗ ಹೇಳಿ ಮುಂದೆ ಹೋಗುತ್ತೇನೆ. ನಿಮ್ಮ ಮೇಲೆ ಕೈ ಎತ್ತಿದವನನ್ನು ಆ ಕ್ಷಣದಲ್ಲಿ ತಡೆಯುವುದು ನಿಮ್ಮ ಹಕ್ಕು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ 34ರಿಂದ 44ರವರೆಗೆ ಇರುವುದು ಅದೇ. ಆದರೆ ತಡೆಯೋಕೆ ಎಷ್ಟು ಬೇಕೋ ಅಷ್ಟೇ. ಅವನು ಓಡಿಹೋದ ಮೇಲೆ, ಮರುದಿನ ಹುಡುಕಿಕೊಂಡು ಹೋಗಿ ಹೊಡೆದರೆ ಅದಕ್ಕೆ ಆತ್ಮರಕ್ಷಣೆ ಅಂತ ಯಾವ ಕೋರ್ಟೂ ಹೇಳುವುದಿಲ್ಲ. ತಡೆಯಲಾಗದ ಸಿಟ್ಟಿಗೂ ಕಾನೂನಿನಲ್ಲಿ ಸ್ವಲ್ಪ ಜಾಗ ಇದೆ, ಆದರೆ ಕೆರಳಿಸಿದ್ದು ಗಂಭೀರವೂ ಹಠಾತ್ತೂ ಆಗಿರಬೇಕು. 1961ರಲ್ಲಿ ನಾನಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೋಡಿತು. ಹೆಂಡತಿಗೆ ಇನ್ನೊಬ್ಬನ ಜೊತೆ ಸಂಬಂಧ ಇದೆ ಅಂತ ಗೊತ್ತಾಗಿ ನೌಕಾಪಡೆಯ ಅಧಿಕಾರಿ ಮನೆ ಬಿಟ್ಟದ್ದಕ್ಕೂ ಆ ಇನ್ನೊಬ್ಬನ ಮೇಲೆ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ ಇತ್ತು. ಅಷ್ಟು ಹೊತ್ತಿನಲ್ಲಿ ಮನುಷ್ಯ ತನ್ನನ್ನು ತಾನು ಹಿಡಿದುಕೊಳ್ಳಬಹುದಿತ್ತು ಅಂತ ಕೋರ್ಟ್ ಹೇಳಿತು.

ಇಲ್ಲಿ ಒಂದು ಅಡ್ಡ ಮಾತು, ನನಗೆ ಬಹಳ ಇಷ್ಟವಾದದ್ದು. ಭೀಮಾ ತೀರ ಅಂದರೆ ಪತ್ರಿಕೆಗಳಲ್ಲಿ ಹಗೆ, ಕೊಲೆ, ನಾಡ ಪಿಸ್ತೂಲು ಅಂತಲೇ ಬರುತ್ತದೆ. ನನಗೆ ಅದು ಬೇಸರ. ಅದೇ ಭೀಮಾ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಸಿಕ್ಕ ಅಶೋಕನ ಶಾಸನ ನೋಡಿದ್ದೀರಾ? ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲು ಅದು. ಕಳಿಂಗದ ಧೌಲಿ, ಜೌಗಡದಲ್ಲಿ ಇರುವ ಎರಡು ಪ್ರತ್ಯೇಕ ಶಾಸನಗಳ ತುಂಡು ಅದರ ಮೇಲೆ ಇದೆ. ಕಳಿಂಗದಲ್ಲಿ ಅವುಗಳ ಪೂರ್ತಿ ಪಾಠ ಇದೆ. ನ್ಯಾಯ ನೋಡುವ ಅಧಿಕಾರಿಗಳಿಗೆ ಅಶೋಕ ಅದರಲ್ಲಿ ಹೇಳುತ್ತಾನೆ: ಎಲ್ಲ ಮನುಷ್ಯರೂ ನನ್ನ ಮಕ್ಕಳು. ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ ಇವು ನಿಮ್ಮಲ್ಲಿ ಬರಬಾರದು, ಯಾರೂ ಸುಮ್ಮಸುಮ್ಮನೆ ಸೆರೆಯಲ್ಲಿ ಕೊಳೆಯಬಾರದು. ಸೋಮಾರಿತನವನ್ನೂ ಸಿಟ್ಟಿನ ಜೊತೆಗೇ ಇಟ್ಟಿದ್ದಾನೆ ನೋಡಿ. ನ್ಯಾಯ ಕೊಡಬೇಕಾದವನ ಆಲಸ್ಯವೂ ಒಂದು ಕ್ರೌರ್ಯ. ಕೇಸು ವರ್ಷಗಟ್ಟಲೆ ಮುಂದಕ್ಕೆ ಹೋದಾಗ, ಪ್ರತಿ ತಾರೀಖಿಗೆ ಬಸ್ ಚಾರ್ಜು ಕೊಟ್ಟು ಬಂದವನ ಒಳಗೆ ಏನು ಬೆಳೆಯುತ್ತದೆ ಅಂತ ನಾನು ಕೋರ್ಟಿನ ವರಾಂಡದಲ್ಲಿ ದಿನಾ ನೋಡುತ್ತೇನೆ.

ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಕೇಳಿದ. "ಸರ್, ನಮ್ಮ ಓಣ್ಯಾಗ ನಮ್ಮ ಕಾಕಾಗ ಮೇಲ್ಜಾತಿಯವರು ಹೊಡದ್ರು. ಹಿರಿಯರು ರಾಜಿ ಮಾಡ್ಕೋರಿ ಅಂತಾರ. ನಾವು ಕೈ ಎತ್ತಬಾರದು ಅಂದ್ರ, ಸುಮ್ನ ಕೂಡಬೇಕೇನ್ರಿ?"

ಇಲ್ಲಪ್ಪ, ಸುಮ್ಮನೆ ಕೂಡಬೇಡ. ಹೊಡೆಸಿಕೊಂಡವನಿಗೆ ಶಾಂತಿ ಬೋಧಿಸುವ ಹಿರಿಯರನ್ನು ನಾನು ಒಪ್ಪುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ ಬಂದದ್ದೇ ಇದಕ್ಕೆ. ನಿಮ್ಮ ಕಾಕಾ ಠಾಣೆಗೆ ಹೋಗಿ ದೂರು ಕೊಡಲಿ, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೇಳಿ ಪಡೆಯಲಿ, ಅದು ಅವರ ಹಕ್ಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ತಾವಾಗಿ ತಿಳಿಸಬೇಕು, ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 193ರಲ್ಲಿ ಹಾಗೆ ಬರೆದಿದೆ. ತಿಳಿಸದಿದ್ದರೆ ಲಿಖಿತವಾಗಿ ಕೇಳಿ. ಆರೋಪಿ ಖುಲಾಸೆ ಆದರೆ ನೊಂದವರೇ ಮೇಲ್ಮನವಿ ಹಾಕಬಹುದು, ಸರ್ಕಾರ ಹಾಕಲಿ ಅಂತ ಕಾಯಬೇಕಿಲ್ಲ. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಪರಿಶಿಷ್ಟರಿಗೂ ಹೆಣ್ಣುಮಕ್ಕಳಿಗೂ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಫೋನ್ ನಂಬರ್ 15100. ರಾಜಿ ಆಗಬೇಕಾ ಬೇಡವಾ ಅಂತ ಹೇಳಬೇಕಾದವರು ನಿಮ್ಮ ಕಾಕಾ. ಓಣಿಯ ಹಿರಿಯರಲ್ಲ, ನಾನೂ ಅಲ್ಲ. ಸೋಮವಾರ ಅವರನ್ನು ಕರೆದುಕೊಂಡು ಕೋರ್ಟಿನ ಹತ್ತಿರ ಬಾ. ದವಾಖಾನೆಯ ಚೀಟಿ, ಹೊಡೆತದ ಫೋಟೋ ಇದ್ದರೆ ತೆಗೆದುಕೊಂಡು ಬಾ. ದೂರಿನ ಅರ್ಜಿಯನ್ನು ಇಬ್ಬರೂ ಕೂತು ಬರೆಯೋಣ.